ಬಿನ್ನವತ್ತಳೆಯ ಏಳನೆಯ ಸಾಲು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಿವೃತ್ತ ಮುಖ್ಯೋಪಾಧ್ಯಾಯರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಮ್ಮೂರಿನ ಡಾಕ್ಟರೇ, ಭಾಷಾ ಸಂಘದ ಕಾರ್ಯದರ್ಶಿಗಳೇ, ಸಂಘದ ಸದಸ್ಯರೇ, ಮುಂದಿನ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಹಿರಿಯರೇ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತಿರುವ ನನ್ನ ಗಿರಾಕಿಗಳೇ, ಸಭಿಕರೇ,

ಎಲ್ಲರಿಗೂ ವಂದನೆಗಳು. ನನಗೆ ಹತ್ತು ನಿಮಿಷ ಎಂದು ಕಾರ್ಯದರ್ಶಿಗಳು ಚೀಟಿ ಕೊಟ್ಟಿದ್ದಾರೆ. ಮೂವತ್ತೊಂದು ವರ್ಷದಿಂದ ಅಂಗಡಿಯ ಕಟ್ಟೆಯ ಹಿಂದೆ ನಿಂತು ಮಾತಾಡಿದವನು ನಾನು. ಅಲ್ಲಿ ಗಿರಾಕಿಗೆ ಬೇಸರವಾದರೆ ಪೊಟ್ಟಣ ಹಿಡಿದು ಹೊರಟುಬಿಡುತ್ತಾನೆ. ಇಲ್ಲಿ ನೀವು ಹೊರಡುವ ಹಾಗಿಲ್ಲ, ಏಕೆಂದರೆ ಕೊನೆಯಲ್ಲಿ ತಿಂಡಿ ಇದೆ, ಅದೂ ನನ್ನ ಅಂಗಡಿಯದೇ. ಹೀಗಾಗಿ ಇವತ್ತು ನಾನು ಧೈರ್ಯವಾಗಿ ಮಾತಾಡಬಹುದು. ಹಾಗೆಂದು ಮನೆಯಿಂದ ಹೊರಟಾಗ ಅಂದುಕೊಂಡಿದ್ದೆ. ಈಗ ನೋಡಿದರೆ ಆಗಲೇ ಎರಡು ಲೋಟ ನೀರು ಕುಡಿದಿದ್ದೇನೆ.

ಹೊರಗಿನಿಂದ ಬಂದಿರುವ ಪತ್ರಿಕೆಯ ತಮ್ಮನಿಗಾಗಿ ಮೊದಲು ಒಂದೆರಡು ಮಾತು ಹೇಳಿಬಿಡುತ್ತೇನೆ. ಈ ಸನ್ಮಾನ ಯಾವುದಕ್ಕೆ? ಒಂದು ಸ್ಯಾಂಡ್‌ವಿಚ್ಚಿಗೆ. ನಗಬೇಡಿ. ನಮ್ಮೂರಿನಲ್ಲಿ ಅದಕ್ಕಾಗಿ ತಲೆ ಒಡೆದಿದೆ. ನಿನ್ನೆಯ ಬ್ರೆಡ್ಡಿನ ಎರಡು ದಪ್ಪ ಹೋಳು ಬೇಕು. ಇವತ್ತಿನದು ಆಗದು, ಕುಸಿದುಬಿಡುತ್ತದೆ. ನಡುವೆ ಬೇಯಿಸಿ ಒರಟಾಗಿ ಕಿವುಚಿದ ಮೊಟ್ಟೆ, ವಿನೆಗರಿನಲ್ಲಿ ನೆನೆಸಿ ಆಮೇಲೆ ಹುರಿದ ಈರುಳ್ಳಿ, ಕುಟ್ಟಿದ ಕಾಳುಮೆಣಸು. ಕಾದ ಕಬ್ಬಿಣದ ಹಲಗೆಯ ಮೇಲೆ ಅದನ್ನಿಟ್ಟು, ಅದರ ಮೇಲೆ ಆರು ಕಿಲೋ ತೂಕದ ಕಬ್ಬಿಣದ ಗಟ್ಟಿಯನ್ನು ಹೇರಿ, ಅರವತ್ತು ಎಣಿಸಿ ಎತ್ತಬೇಕು. ಐವತ್ತಕ್ಕೆ ಎತ್ತಿದರೆ ಹಸಿ, ಎಪ್ಪತ್ತಕ್ಕೆ ಎತ್ತಿದರೆ ಇದ್ದಿಲು. ಅಷ್ಟೇ ಅದರ ಶಾಸ್ತ್ರ.

ನದಿಯ ಈಚೆ ಇರುವ ನಾವು ಅದನ್ನು ಅಮುಕು ಎನ್ನುತ್ತೇವೆ. ಸೇತುವೆ ದಾಟಿದರೆ ಭಾಷೆ ಬೇರೆ, ಅಲ್ಲಿ ಅದನ್ನು ತುರೇನಿ ಎನ್ನುತ್ತಾರೆ. ಹದಿನೇಳು ವರ್ಷದ ಹಿಂದೆ ಈ ಎರಡು ಹೆಸರಿಗಾಗಿ ನಮ್ಮ ಮಾರುಕಟ್ಟೆ ಬೀದಿಯಲ್ಲಿ ಗಲಾಟೆಯಾಯಿತು. ಇವತ್ತು ಸಂಘದವರು ಆ ಜಗಳಕ್ಕೆ ಮುಕ್ತಾಯ ಹಾಡಲು ತೀರ್ಮಾನಿಸಿದ್ದಾರೆ. ನನ್ನ ಎಡಗಡೆ ಬಟ್ಟೆ ಮುಚ್ಚಿಟ್ಟಿರುವ ಬೋರ್ಡು ಇದೆಯಲ್ಲ, ಅದರ ಮೇಲೆ ಅಮುಕು ಎಂದು ಬರೆದಿದೆ. ಮಾತು ಮುಗಿಸಿ ನಾನು ಆ ದಾರ ಎಳೆಯಬೇಕು. ನಾಳೆಯಿಂದ ಬೀದಿಯ ಅಷ್ಟೂ ಅಂಗಡಿಗಳಲ್ಲಿ ಅದೊಂದೇ ಹೆಸರು. ಇನ್ನೊಂದು ಹೆಸರು ಬರೆದ ಬೋರ್ಡು ಇರಕೂಡದು. ಇದಕ್ಕೆ ನನ್ನನ್ನು ಏಕೆ ಆರಿಸಿದರು? ಈಗ ತಾನೇ ಓದಿದ ಬಿನ್ನವತ್ತಳೆಯಲ್ಲಿ ಅದನ್ನು ಹೇಳಿದ್ದಾರೆ. ನಾನು ಭಾಷಾನಿಷ್ಠನಂತೆ. ಗಲಾಟೆಯ ಕಾಲದಲ್ಲಿ ಬಂಡೆಯಂತೆ ನಿಂತವನಂತೆ. ನನ್ನ ಮನೆತನದ ಕೈರುಚಿಯಂತೆ. ಕೇಳಲು ಬಹಳ ಚೆನ್ನಾಗಿತ್ತು, ನಾನೇ ಯಾರಪ್ಪಾ ಇವನು ಎಂದು ಕತ್ತೆತ್ತಿ ನೋಡಿದೆ.

ಆಮೇಲೆ ಏಳನೆಯ ಸಾಲು ಬಂತು. "ಮಾತು ಬಾರದ ಹೆಣ್ಣೊಬ್ಬಳಿಗೆ ಬಾಳು ಕೊಟ್ಟ ಉದಾರಿ." ನೀವೆಲ್ಲ ಚಪ್ಪಾಳೆ ಹೊಡೆದಿರಿ. ಬೇರೆ ಯಾವ ಸಾಲಿಗೂ ಅಷ್ಟು ಜೋರಾದ ಚಪ್ಪಾಳೆ ಬಿದ್ದಿರಲಿಲ್ಲ. ಕೆಲವರು ಹಿಂದಕ್ಕೆ ತಿರುಗಿ ನನ್ನ ಹೆಂಡತಿಯನ್ನೂ ನೋಡಿದಿರಿ. ಅವಳು ಮೂರನೆಯ ಸಾಲಿನ ತುದಿಯಲ್ಲಿ ಮಗಳ ಪಕ್ಕ ಕುಳಿತಿದ್ದಾಳೆ. ಬೋರ್ಡು ಬರೆಯುವವರು ನಿನ್ನೆ ಸಂಜೆಯೇ ಬಿನ್ನವತ್ತಳೆಯ ಪ್ರತಿ ತಂದು ಕೊಟ್ಟಿದ್ದರು. ಆ ಸಾಲನ್ನು ಓದಿದ ಮೇಲೆ ಅವಳು ಊಟ ಮಾಡಲಿಲ್ಲ. ಇವತ್ತು ಬೆಳಿಗ್ಗೆ ನಾನು ಅಂಗಿಗೆ ಗುಂಡಿ ಹಾಕುತ್ತಿದ್ದಾಗ ಬಂದು ಎದುರಿಗೆ ನಿಂತು ಹೇಳಿದಳು: "ಆ ಸಾಲು ಓದಿದ ಮೇಲೂ ನೀವು ಎದ್ದು ನಿಂತು ಥ್ಯಾಂಕ್ಸ್ ಅಂದ್ರೆ, ನಾನು ಅಲ್ಲಿಂದಲೇ ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ. ನಾಳೆಯಿಂದ ಅಂಗಡೀಲಿ ನೀವೊಬ್ರೇ."

ಸಭೆಯಲ್ಲಿ ಗುಸುಗುಸು ಶುರುವಾಗಿದೆ. ಹೌದು, ನಾನು "ಹೇಳಿದಳು" ಎಂದೆ. ಇದನ್ನು ನಿಧಾನವಾಗಿ, ಭಾಷಣದ ಮಧ್ಯದಲ್ಲಿ, ನಿಮಗೂ ನನಗೂ ಹೆಚ್ಚು ನೋವಾಗದ ಹಾಗೆ ತರಬೇಕು ಎಂದು ಇಲ್ಲಿಗೆ ಬರುವ ದಾರಿಯುದ್ದಕ್ಕೂ ಪಾಠ ಮಾಡಿದ್ದೆ. ಬಾಯಿ ಜಾರಿತು. ಕೈಸನ್ನೆಯಲ್ಲಿ ಹೇಳಿರಬೇಕು ಎಂದು ನಿಮ್ಮಲ್ಲಿ ಒಳ್ಳೆಯವರು ಯಾರಾದರೂ ಈಗಾಗಲೇ ನನ್ನ ಪರವಾಗಿ ಅಂದುಕೊಂಡಿರಬಹುದು. ಇಲ್ಲ ಸ್ವಾಮಿ, ಬಾಯಿಂದಲೇ ಹೇಳಿದಳು. ನನ್ನ ಹೆಂಡತಿಗೆ ಮಾತು ಬರುತ್ತದೆ. ಹುಟ್ಟಿದಾಗಿನಿಂದ ಬರುತ್ತದೆ. ಒಂದಲ್ಲ, ಎರಡು ಭಾಷೆ ಬರುತ್ತದೆ.

ಅಧ್ಯಕ್ಷರೇ, ದಯವಿಟ್ಟು ಗಂಟೆ ಬಾರಿಸಬೇಡಿ. ನಿಮ್ಮ ಕೈ ಅದರ ಮೇಲಿರುವುದು ಕಾಣುತ್ತಿದೆ. ಹೇಳಿ ಮುಗಿಸುವವರೆಗೆ ನಾನು ಇಳಿಯುವವನಲ್ಲ. ಹದಿನೇಳು ವರ್ಷ ಹೇಳದೆ ಇದ್ದವನು ಹತ್ತು ನಿಮಿಷ ಹೆಚ್ಚು ತೆಗೆದುಕೊಂಡರೆ ಆಕಾಶ ಕಳಚಿ ಬೀಳುವುದಿಲ್ಲ.

ಬಿನ್ನವತ್ತಳೆಯಲ್ಲಿ ಮನೆತನದ ಕೈರುಚಿ ಎಂದಿದೆ. ಯಾರ ಮನೆತನ? ನನ್ನ ಅಪ್ಪ ಮಾರುತ್ತಿದ್ದದ್ದು ಚಹಾ, ಮನೆಯಲ್ಲೇ ಸುಟ್ಟ ಬ್ರೆಡ್ಡು ಮತ್ತು ಬೇಯಿಸಿದ ಮೊಟ್ಟೆ. ಉಳಿದ ಬ್ರೆಡ್ಡನ್ನು ಸಂಜೆ ನದಿಗೆ ಒಯ್ದು ಬಾತುಕೋಳಿಗಳಿಗೆ ಎಸೆಯುತ್ತಿದ್ದ. ನಮ್ಮೂರಿನ ಬಾತುಕೋಳಿಗಳು ಅಷ್ಟು ದಪ್ಪ ಏಕೆ ಎಂದು ಆ ಕಾಲದಲ್ಲಿ ಎಲ್ಲರೂ ಕೇಳುತ್ತಿದ್ದರು. ನಾನು ಹಿಟ್ಟಿನ ಮೂಟೆ ತರಲು ದೋಣಿಯಲ್ಲಿ ಆಚೆ ದಡಕ್ಕೆ ಹೋಗುತ್ತಿದ್ದೆ, ಆಗಿನ್ನೂ ಸೇತುವೆ ಇರಲಿಲ್ಲ. ದೋಣಿಕಟ್ಟೆಯ ಬಳಿ ಒಬ್ಬ ತಾಯಿ ಒಬ್ಬ ಮಗಳು ಒಂದು ಸಣ್ಣ ಗೂಡಂಗಡಿ ನಡೆಸುತ್ತಿದ್ದರು. ತುರೇನಿ ನಾನು ಮೊದಲು ತಿಂದದ್ದು ಅಲ್ಲಿ. ಆ ವರ್ಷ ನಮ್ಮ ಅಂಗಡಿಗೆ ಎಷ್ಟು ಹಿಟ್ಟು ಬೇಕಿತ್ತೋ ಅದರ ಎರಡು ಪಟ್ಟು ಸಲ ನಾನು ದೋಣಿ ಹತ್ತಿದೆ. ಅಪ್ಪ ದಡ್ಡನಲ್ಲ. "ಹಿಟ್ಟು ತರೋಕೆ ಹೋಗ್ತೀಯೋ, ಹಿಟ್ಟು ತಿನ್ನೋಕೆ ಹೋಗ್ತೀಯೋ?" ಎಂದು ಕೇಳಿದ.

ಮದುವೆಯಾಗಿ ಬಂದ ಮೊದಲ ವಾರದಲ್ಲೇ ಗೂಡಂಗಡಿಯ ಆ ಮಗಳು ಬಾತುಕೋಳಿಗಳ ಹೊಟ್ಟೆಗೆ ಕಲ್ಲು ಹಾಕಿದಳು. ಹಳೆ ಬ್ರೆಡ್ಡನ್ನೆಲ್ಲ ಎತ್ತಿಟ್ಟಳು. ಕಬ್ಬಿಣದ ಗಟ್ಟಿಯನ್ನು ತವರಿನಿಂದ ಟ್ರಂಕಿನಲ್ಲಿ ತಂದಿದ್ದಳು. ಟ್ರಂಕು ಎತ್ತಿದ ಕೂಲಿಯವನು ಇದರೊಳಗೇನು ಹೆಣ ಇದೆಯಾ ಎಂದು ಕೇಳಿದ್ದ. ಅವಳು ಒಳಗೆ ತುರೇನಿ ಮಾಡುವಳು, ಅಪ್ಪ ಹೊರಗೆ ನಿಂತು ಮಾರುವನು. ಅಪ್ಪನ ನಾಲಿಗೆಗೆ ಆ ಹೆಸರು ಹತ್ತಲೇ ಇಲ್ಲ. ಗಿರಾಕಿ ಬಂದರೆ ಒಳಗೆ ತಿರುಗಿ ಕೂಗುವನು: "ಮಗಳೇ, ಎರಡು ಅಮುಕಮ್ಮಾ!" ಗಿರಾಕಿಗಳು ಅದನ್ನೇ ಹಿಡಿದುಕೊಂಡರು. ಅಮುಕು ಎಂಬ ಹೆಸರು ಹುಟ್ಟಿದ್ದು ಹೀಗೆ. ಅದು ನನ್ನ ಅಪ್ಪನ ಬಾಯಿಂದ ಬಂದ ಮಾತು, ನನಗೆ ಪ್ರಾಣ. ಅದನ್ನು ನಾನೂ ಬಿಟ್ಟುಕೊಡುವವನಲ್ಲ, ಕಾರ್ಯದರ್ಶಿಗಳೇ. ಆದರೆ ನನ್ನ ಅಪ್ಪ ಒಂದು ದಿನವೂ ಅವಳಿಗೆ "ನೀನು ತುರೇನಿ ಅನ್ನಬೇಡ" ಎಂದು ಹೇಳಿರಲಿಲ್ಲ. ಒಳಗೆ ತುರೇನಿ, ಹೊರಗೆ ಅಮುಕು, ನಡುವೆ ಒಂದು ಕಿಟಕಿ. ಹನ್ನೆರಡು ವರ್ಷ ಹಾಗೇ ನಡೆಯಿತು, ಅಪ್ಪ ಹೋದ ಮೇಲೂ ನಡೆಯಿತು. ಗಿರಾಕಿಗಳಿಗೆ ಅವಳ ಕೈರುಚಿ ಗೊತ್ತಿತ್ತು, ದನಿ ಗೊತ್ತಿರಲಿಲ್ಲ.

ಆಮೇಲೆ ಒಬ್ಬ ಪತ್ರಕರ್ತ ಬಂದ. ಈ ತಮ್ಮ ಅಲ್ಲ, ಇವನಿಗಾಗ ಹಾಲುಹಲ್ಲು. ಆ ಮನುಷ್ಯ ಮೂರು ತಿಂದು, ಬೆರಳು ನೆಕ್ಕಿಕೊಂಡು, ಕಿಟಕಿಯಲ್ಲಿ ಇಣುಕಿ ಇದಕ್ಕೇನಂತಾರೆ ಎಂದು ಕೇಳಿದ. ಒಳಗಿದ್ದವಳು ತನಗೆ ಗೊತ್ತಿದ್ದ ಹೆಸರು ಹೇಳಿದಳು. ಭಾನುವಾರದ ಪತ್ರಿಕೆಯಲ್ಲಿ "ತುರೇನಿಗೆ ಹೆಸರಾದ ಊರು" ಎಂದು ಅರ್ಧ ಪುಟ ಬಂತು. ಅಷ್ಟೇ ಸಾಕಾಯಿತು. ನಮ್ಮ ತಿಂಡಿಗೆ ಅವರ ಹೆಸರೇ ಎಂದು ಈಚೆಯವರು ಎದ್ದರು. ನಮ್ಮ ತಿಂಡಿ ಕದ್ದು ಬೇರೆ ಹೆಸರಿಟ್ಟಿದ್ದಾರೆ ಎಂದು ಆಚೆಯವರು ಎದ್ದರು. ಬೋರ್ಡುಗಳಿಗೆ ಟಾರು ಬಳಿದರು. ಸೇತುವೆಯ ಮೇಲೆ ಬಸ್ಸು ನಿಲ್ಲಿಸಿದರು. ತಮಾಷೆ ಏನೆಂದರೆ, ಕೂಗಿ ಕೂಗಿ ಹಸಿವಾದ ಮೇಲೆ ಎರಡೂ ಕಡೆಯವರು ತಿನ್ನಲು ಬರುತ್ತಿದ್ದದ್ದು ನಮ್ಮ ಅಂಗಡಿಗೇ. ಒಂದೇ ಹಲಗೆ, ಒಂದೇ ಕೈ. ಇಬ್ಬರೂ ತಿಂದು, ನೀರು ಕುಡಿದು, ಹೋಗಿ ಮತ್ತೆ ಕೂಗುತ್ತಿದ್ದರು.

ಮೂರನೆಯ ದಿನ ನಮ್ಮ ಕಿಟಕಿಯ ಗಾಜು ಒಡೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಹನ್ನೆರಡು ಜನ ಹುಡುಗರು ಒಳಗೆ ನುಗ್ಗಿದರು. ಮುಂದಿದ್ದವನಿಗೆ ಇಪ್ಪತ್ತೆರಡು ವರ್ಷ ಇರಬೇಕು, ಕಣ್ಣು ಕೆಂಪಗಾಗಿತ್ತು. ಅವಳು ಒಡೆದ ಗಾಜು ಗುಡಿಸುತ್ತಾ ಕಟ್ಟೆಯ ಈಚೆ ನಿಂತಿದ್ದಳು. ಅವಳ ಮುಖಕ್ಕೆ ಬೆರಳು ತೋರಿಸಿ ಅವನು ಕೇಳಿದ: "ಏನಮ್ಮಾ, ಇದರ ಹೆಸರೇನು? ಎಲ್ಲಿ, ನಿನ್ನ ಬಾಯಲ್ಲಿ ಹೇಳು ನೋಡೋಣ."

ಅವಳು ಪೊರಕೆ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ನನ್ನ ಹೆಂಡತಿ ಹೆದರುವ ಪೈಕಿ ಅಲ್ಲ, ಅದು ನನಗೆ ಗೊತ್ತಿತ್ತು, ಅದಕ್ಕೇ ನನಗೆ ಹೆದರಿಕೆ. ಅವಳು ಅಮುಕು ಎಂದರೂ ಉಚ್ಚಾರಣೆಯಲ್ಲಿ ಸಿಕ್ಕಿಬೀಳುತ್ತಿದ್ದಳು. ಬಾಯಿ ತೆರೆದರೆ ಸಾಕು, ಯಾವ ದಡದವಳು ಎಂದು ತಿಳಿಯುತ್ತಿತ್ತು. ಅವಳು ಬಾಯಿ ತೆರೆದಳು. ನಾನು ಅಡ್ಡ ಹಾರಿದೆ. "ಅವಳಿಗೆ ಮಾತು ಬರಲ್ಲಪ್ಪಾ! ಮೂಗಿ! ಬಿಟ್ಬಿಡಿ!"

ಯಾರು ಹೇಳಿಕೊಟ್ಟರು ನನಗೆ ಆ ಮಾತು? ಯಾರೂ ಇಲ್ಲ. ಎಲ್ಲಿಂದ ಬಂತು? ಗೊತ್ತಿಲ್ಲ. ನಾಲಿಗೆ ತಾನೇ ಆಡಿಬಿಟ್ಟಿತು. ಆ ಹುಡುಗನ ಬೆರಳು ಕೆಳಗಿಳಿಯಿತು. "ಅಯ್ಯೋ, ಗೊತ್ತಿರಲಿಲ್ಲಕ್ಕಾ, ತಪ್ಪಾಯ್ತು" ಎಂದು ಕಣ್ಣಲ್ಲಿ ನೀರು ತಂದುಕೊಂಡ. ತನ್ನ ಕಡೆಯವರನ್ನೆಲ್ಲ ಬೈದು ಹೊರಗೆ ಕಳಿಸಿದ. ಉಳಿದ ಗಾಜನ್ನು ಅವನೇ ಗುಡಿಸಿ ಹೋದ. ಆ ಹುಡುಗ ಇವತ್ತಿನ ನಮ್ಮ ಕಾರ್ಯದರ್ಶಿಗಳು. ತಲೆ ತಗ್ಗಿಸಬೇಡಿ ಕಾರ್ಯದರ್ಶಿಗಳೇ. ಆ ದಿನ ಅಂಗಡಿಯಲ್ಲಿ ಸುಳ್ಳು ಹೇಳಿದವನು ನಾನು, ನೀವಲ್ಲ. ಬಂಡೆಯಂತೆ ನಿಂತವನು ಎಂದು ಬರೆದಿದ್ದೀರಿ. ಬಂಡೆ ಹೀಗಿತ್ತು ನೋಡಿ.

ಅವರು ಹೋದ ಮೇಲೆ ಅವಳು ಬಾಗಿಲು ಹಾಕಿ ಕೇಳಿದಳು: "ನನ್ನ ನಾಲಿಗೆ ಕೊಯ್ಯೋಕೆ ನಿಮಗೆ ಯಾರು ಅಧಿಕಾರ ಕೊಟ್ಟಿದ್ದು?" ನಾನು ಕೈ ಮುಗಿದೆ. "ಒಂದು ವಾರ ಕಣೇ. ಗಲಾಟೆ ತಣ್ಣಗಾಗಲಿ. ಒಂದೇ ಒಂದು ವಾರ ಸುಮ್ಮನಿರು" ಎಂದೆ.

ಗಲಾಟೆ ಒಂದು ವಾರದಲ್ಲಿ ನಿಜವಾಗಿಯೂ ತಣ್ಣಗಾಯಿತು. ಸೇತುವೆಯ ಮೇಲೆ ಬಸ್ಸು ಓಡಾಡಿತು. ಆದರೆ ಅಷ್ಟರಲ್ಲಿ ಊರಿಗೆ ಊರೇ ಕರಗಿಹೋಗಿತ್ತು. ಮೂಗಿಯ ಅಂಗಡಿ ಎಂದು ಹುಡುಕಿಕೊಂಡು ಬಂದರು. ಒಬ್ಬಳು ಅಜ್ಜಿ ತನ್ನ ಸ್ವೆಟರು ಬಿಚ್ಚಿ ಕೊಟ್ಟು ಹೋದಳು. ಕಾರ್ಯದರ್ಶಿಗಳು ಸ್ಲೇಟು, ಬಳಪ ತಂದು ಕಟ್ಟೆಯ ಮೇಲೆ ನೇತು ಹಾಕಿದರು. ಈಗ ಹೋಗಿ, ಸ್ವಾಮಿ, ಮಾತು ಬಂತು ಎಂದು ಹೇಗೆ ಹೇಳುವುದು? ನಾಳೆ ಹೇಳೋಣ ಎಂದುಕೊಂಡೆ. ಮುಂದಿನ ತಿಂಗಳು ಎಂದುಕೊಂಡೆ. ಒಂದು ಸುಳ್ಳನ್ನು ವಾಪಸು ತೆಗೆದುಕೊಳ್ಳುವುದಕ್ಕೂ ಒಂದು ಹೊತ್ತು ಇರುತ್ತದೆ, ಅದು ದಾಟಿತು.

ಡಾಕ್ಟರು ಇಲ್ಲೇ ಇದ್ದಾರೆ. ಪುಣ್ಯಾತ್ಮರು, ಉಚಿತವಾಗಿ ನೋಡುತ್ತೇನೆ ಎಂದು ಕರೆಸಿಕೊಂಡರು. ಟಾರ್ಚು ಬಿಟ್ಟು "ಆ ಅನ್ನಮ್ಮಾ" ಎಂದರು. ಅವಳು ಆ ಎಂದಳು. ಇನ್ನೂ ಜೋರಾಗಿ ಎಂದರು. ಇನ್ನೂ ಜೋರಾಗಿ ಎಂದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಗಂಟಲು ಪಸಂದಾಗಿದೆ ಕಣಯ್ಯಾ, ಚಿಕ್ಕಂದಿನಲ್ಲಿ ಏನೋ ಆಘಾತವಾಗಿರಬೇಕು" ಎಂದರು. ನಾನು ಹೌದು ಸಾರ್ ಎಂದು ತಲೆ ಆಡಿಸಿದೆ. ನೀವು ಬುದ್ಧಿವಂತರು ಡಾಕ್ಟರೇ, ಆದರೆ ಪಕ್ಕದಲ್ಲಿ ನಿಂತಿದ್ದ ಆಘಾತವನ್ನು ನೀವು ಗುರುತಿಸಲಿಲ್ಲ.

ಅಂಚೆಯಣ್ಣನಿಗೆ ಮಾತ್ರ ಗೊತ್ತಿತ್ತು. ಅವಳ ಅಕ್ಕನ ಕಾಗದ ತರುತ್ತಿದ್ದವರು ಅವರು, ಹನ್ನೆರಡು ವರ್ಷ ಅವಳೊಡನೆ ಹರಟಿದವರು. ಅವರು ಯಾರಿಗೂ ಹೇಳಲಿಲ್ಲ. ಆದರೆ ನನಗೆ ಬುದ್ಧಿ ಕಲಿಸಬೇಕೆಂದೋ ಏನೋ, ತುಂಬಿದ ಅಂಗಡಿಯಲ್ಲಿ ಬೇಕೆಂದೇ ನಗೆಚಟಾಕಿ ಹಾರಿಸಿ ಅವಳನ್ನು ನಗಿಸಲು ನೋಡುತ್ತಿದ್ದರು. ಅವಳು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡುವಳು. ಅಲ್ಲಿ ಕೂತು ಈಗಲೂ ನಗುತ್ತಿದ್ದಾರೆ ನೋಡಿ.

ಕೈಭಾಷೆ ಕಲಿಸುವ ಮೇಡಂ ಒಬ್ಬರನ್ನೂ ಸಂಘವೇ ಕಳಿಸಿತು. ಕಲಿಯದಿದ್ದರೆ ಗುಟ್ಟು ರಟ್ಟಾಗುತ್ತದೆ ಎಂದು ಕಲಿಯಲು ಕುಳಿತಳು. ನಾಲ್ಕು ತಿಂಗಳಿಗೆ ಮೇಡಮ್ಮಿಗಿಂತ ಚುರುಕಾದಳು. ಕಬ್ಬಿಣದ ಗಟ್ಟಿ ಹೇರಿ ತುಟಿ ಅಲುಗಿಸುತ್ತಾ ಅರವತ್ತು ಎಣಿಸುವಾಗ ಗಿರಾಕಿಗಳು ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದು ಟೋಪಿ ತೆಗೆಯುತ್ತಿದ್ದರು. ನನ್ನ ಕಡೆ ತಿರುಗಿ ಚಕಚಕ ಕೈ ಆಡಿಸಿದರೆ ಎಷ್ಟು ಅನ್ಯೋನ್ಯ ದಂಪತಿ ಎಂದು ಕಣ್ಣರಳಿಸುತ್ತಿದ್ದರು. ಅವಳು ಹೇಳುತ್ತಿದ್ದದ್ದು ಇಷ್ಟೇ: "ಕತ್ತೆ, ಮಾತು ಸಾಕು, ಬ್ರೆಡ್ ಸೀಯ್ತಾ ಇದೆ." ಈಗ ಕಿವಿ ಕೇಳದ ಇಬ್ಬರು ಅಕ್ಕತಂಗಿಯರು ಶನಿವಾರ ಶನಿವಾರ ಅವಳ ಬಳಿ ಬರುತ್ತಾರೆ. ಅವರಿಗೆ ಪಾಠ ಹೇಳುತ್ತಾಳೆ. ನನ್ನ ಸುಳ್ಳಿನಿಂದ ಊರಿಗೆ ಏನಾದರೂ ಒಳ್ಳೆಯದಾಗಿದ್ದರೆ ಅದೊಂದೇ, ಅದೂ ಅವಳ ಸಂಪಾದನೆ.

ನೀವು ನಗುತ್ತಿದ್ದೀರಿ. ನಾನೂ ಇದನ್ನೆಲ್ಲ ನಗುವ ಕಥೆಯಾಗಿಯೇ ಇಟ್ಟುಕೊಂಡಿದ್ದೆ, ಬಹಳ ವರ್ಷ.

ಮಗಳು ಮೂರನೆಯ ತರಗತಿಯಲ್ಲಿದ್ದಳು. "ನನ್ನ ತಾಯಿ" ಎಂದು ಒಂದು ಪುಟ ಬರೆಯಲು ಶಾಲೆಯಲ್ಲಿ ಹೇಳಿದ್ದರು. "ನನ್ನ ಅಮ್ಮ ತಲೆ ಬಾಚುವಾಗ ಕಥೆ ಹೇಳುತ್ತಾಳೆ. ಅಮ್ಮ ಹಾಡಿದರೆ ನನಗೆ ನಿದ್ದೆ ಬರುತ್ತದೆ" ಎಂದು ಬರೆದಿದ್ದಳು. ಅದರ ಕೆಳಗೆ ಕೆಂಪು ಶಾಯಿಯಲ್ಲಿ, "ಕಲ್ಪನೆ ಚೆನ್ನಾಗಿದೆ, ಆದರೆ ಪ್ರಬಂಧದಲ್ಲಿ ನಿಜವನ್ನೇ ಬರೆಯಬೇಕು" ಎಂದು ಬರೆದು, ತಲೆ ಸವರಿ ಕಳಿಸಿದ್ದರು. ಅಧ್ಯಕ್ಷರೇ, ಆ ಅಕ್ಷರ ನಿಮ್ಮದು. ನಿಮ್ಮ ತಪ್ಪೇನೂ ಇಲ್ಲ, ನಿಮಗೆ ಗೊತ್ತಿದ್ದ ನಿಜ ನಾನು ಕೊಟ್ಟದ್ದು. ಮಗಳು ಆ ಪುಟವನ್ನು ನನ್ನ ಕೈಗೆ ಕೊಟ್ಟು ಕೇಳಿದಳು: "ಅಪ್ಪಾ, ನಾನು ಸುಳ್ಳು ಬರೆದ್ನಾ?" ನಾನು ಆ ಹಸುಗೂಸಿಗೆ ಏನು ಹೇಳಿದೆ ಗೊತ್ತೇ? "ಹಾಗೆಲ್ಲ ಬರೀಬಾರದು ಪುಟ್ಟಾ" ಎಂದೆ. ಅವಳು ಅಳಿಸಿ ಬರೆದಳು. "ನನ್ನ ಅಮ್ಮನಿಗೆ ಮಾತು ಬರುವುದಿಲ್ಲ" ಎಂದು ದುಂಡಗೆ ಬರೆದಳು. ಪಕ್ಕದಲ್ಲಿ ಅವಳ ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಆದರೆ ಬಾಯಿಗೆ ಬಂದಿದೆ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಅಂಗಡಿ ಕಿಕ್ಕಿರಿದಿತ್ತು. ಕಬ್ಬಿಣದ ಗಟ್ಟಿ ಎತ್ತುವಾಗ ಹಿಡಿ ಕಳಚಿತು. ಗಟ್ಟಿ ಅವಳ ಎಡಗೈಯ ಬೆರಳುಗಳ ಮೇಲೆ ಬಿತ್ತು, ಬೆರಳುಗಳು ಕಾದ ಹಲಗೆಯ ಮೇಲಿದ್ದವು. ನಾನು ಓಡಿ ಬಂದು ಗಟ್ಟಿ ಎತ್ತುವವರೆಗೆ ಎಷ್ಟು ಹೊತ್ತಾಯಿತೋ. ಅವಳು ಕೂಗಲಿಲ್ಲ. ಒಂದು ಸ್ವರ ಹೊರಡಲಿಲ್ಲ. ಕೆಳತುಟಿ ಕಚ್ಚಿ ರಕ್ತ ಬಂದಿತ್ತು, ಕಣ್ಣು ನನ್ನ ಮೇಲೇ ಇತ್ತು. ಸಭಿಕರೇ, ಆಗ ನನ್ನ ಮನಸ್ಸಿಗೆ ಮೊದಲು ಬಂದ ಮಾತು "ಅಯ್ಯೋ" ಅಲ್ಲ. "ಸದ್ಯ, ಕೂಗಲಿಲ್ಲ" ಎಂದು ಬಂತು. ಕೈ ಹಿಡಿದುಕೊಂಡು ತಾಳಿದ ಹೆಂಡತಿಯ ಎದುರಿಗೆ ನಿಂತು ನಾನು ಸದ್ಯ ಎಂದುಕೊಂಡೆ. ಥೂ ಎನ್ನಬೇಕು ನನಗೆ. ಅವತ್ತೇ ಹೇಳಬೇಕಿತ್ತು, ರಸ್ತೆಗೆ ಓಡಿ ಕೂಗಿ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ನನಗೆ ಗಲಾಟೆಯ ಹೆದರಿಕೆ ಇರಲಿಲ್ಲ, ನಿಮ್ಮ ಮೆಚ್ಚುಗೆ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಮೂಗಿಯನ್ನು ಸಾಕುವ ದೊಡ್ಡ ಮನುಷ್ಯ ಎಂದು ನೀವು ನನ್ನನ್ನು ನೋಡುವ ನೋಟ ನನಗೆ ರುಚಿ ಹತ್ತಿತ್ತು.

ಅದಕ್ಕೆ ಇನ್ನೂ ಒಂದು ಕಾರಣವಿತ್ತು, ಅದನ್ನೂ ನುಂಗುವುದಿಲ್ಲ. ಅಂಗಡಿಯಲ್ಲಿ ನಾನೊಬ್ಬನೇ ಮಾತಾಡುತ್ತಿದ್ದೆ, ಎದುರು ಹೇಳುವವರಿರಲಿಲ್ಲ. ಮೊದಮೊದಲು ಮನೆಗೆ ಹೋದ ಮೇಲೆ ಅವಳು ಇಡೀ ದಿನದ ಮಾತನ್ನು ನನ್ನ ಮೇಲೆ ಸುರಿಯುತ್ತಿದ್ದಳು. ಬರಬರುತ್ತಾ ಅದೂ ಕಡಿಮೆಯಾಯಿತು. ಅವಳ ಭಾಷೆ ಮನೆಯಲ್ಲಿ ನನಗೆ ಅರೆಬರೆ ಬರುತ್ತದೆ, ಮಗಳಿಗೆ ಕಥೆಯಷ್ಟು ಬರುತ್ತದೆ. ಅವಳಿಗೆ ಜಗಳವಾಡುವಷ್ಟು ಚೆನ್ನಾಗಿ ಆ ಭಾಷೆ ಬಲ್ಲವರು ಈಚೆ ದಡದಲ್ಲಿ ಯಾರೂ ಇಲ್ಲ. ಇದ್ದರೂ ಮೂಗಿಯ ಹತ್ತಿರ ಯಾರು ಜಗಳಕ್ಕೆ ಬರುತ್ತಾರೆ? ಒಬ್ಬ ಹೆಂಗಸಿನಿಂದ ಜಗಳವನ್ನೂ ಕಿತ್ತುಕೊಂಡೆ ನೋಡಿ ನಾನು.

ಇವತ್ತು ಬೆಳಿಗ್ಗೆ ಅವಳ ಮಾತು ಕೇಳಿ ನಾನು ಎಂದಿನ ಹಾಗೆ ಜಾರಿಕೊಳ್ಳಲು ನೋಡಿದೆ. "ಏನೋ ಪ್ರೀತಿಯಿಂದ ಬರೆದಿದ್ದಾರೆ ಕಣೇ, ಒಂದು ಸಾಲು ತಾನೇ" ಎಂದೆ. "ಆ ಕಾಗದಾನ ಚೌಕಟ್ಟು ಹಾಕಿ ಗೋಡೆಗೆ ಹೊಡೀತೀರಲ್ವಾ? ನಾಳೆ ನಾನು ಸತ್ತ ಮೇಲೂ ಅದು ಗೋಡೆ ಮೇಲಿರತ್ತೆ. ನನ್ನ ಮೊಮ್ಮಗು ಅದನ್ನ ಓದತ್ತೆ" ಎಂದು ಅವಳು ಹೇಳಿದಳು. ಮಗಳು ಈಗ ಐದು ತಿಂಗಳ ಬಸುರಿ. ನಾನು ಅಂಗಿಯ ಕೊನೆಯ ಗುಂಡಿ ಹಾಕಿ, "ಇವತ್ತು ನಿಜ ಹೇಳ್ತೀನಿ, ಆಮೇಲೆ ಮೈಕು ನಿನಗೆ" ಎಂದೆ.

ಆದ್ದರಿಂದ, ಅಧ್ಯಕ್ಷರೇ, ಈ ಬಿನ್ನವತ್ತಳೆಯನ್ನು ನಾನು ವಾಪಸು ಕೊಡುತ್ತಿದ್ದೇನೆ. ಕೋಪದಿಂದಲ್ಲ. ಇದರಲ್ಲಿರುವ ಮನುಷ್ಯ ನಾನಲ್ಲ, ಇದರಲ್ಲಿರುವ ಹೆಂಗಸು ಅವಳೂ ಅಲ್ಲ. ನಿಮ್ಮನ್ನೆಲ್ಲ ಹದಿನೇಳು ವರ್ಷ ನಂಬಿಸಿದ್ದಕ್ಕೆ ಕ್ಷಮಿಸಿ. ಸ್ವೆಟರು ಕೊಟ್ಟ ಅಜ್ಜಿ ಈಗಿಲ್ಲ, ಅವರ ಮಗ ಇದ್ದಾನೆ, ತಮ್ಮಾ ನೀನೂ ಕ್ಷಮಿಸು. ನಾಳೆಯಿಂದ ನಮ್ಮ ಅಂಗಡಿಗೆ ಬರಲಾರೆ ಎನ್ನುವವರು ಬರಬೇಡಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಈಗ ಹೇಳಿದ್ದೂ ಸುಳ್ಳು, ಬೇಸರವಾಗುತ್ತದೆ. ಆದರೆ ಬರಲೇಬೇಕೆಂದು ಕೇಳುವ ಮುಖ ನನಗಿಲ್ಲ.

ಮತ್ತೆ ನೀನು. ಮೂರನೆಯ ಸಾಲಿನಲ್ಲಿ ಕೂತವಳೇ. ಮನೆಯಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ, ಇಲ್ಲಿ ಇಷ್ಟು ಜನರ ಎದುರು ಹೇಳುತ್ತಿದ್ದೇನೆ, ಇದೂ ಒಂದು ಹೇಡಿತನವೇ ಇರಬೇಕು. ತಪ್ಪಾಯಿತು ಕಣೇ. ಒಂದು ವಾರ ಎಂದವನು ನಿನ್ನ ಹದಿನೇಳು ವರ್ಷ ತಿಂದೆ.

ಬೋರ್ಡಿನ ವಿಷಯ ಉಳಿಯಿತು. ಕಾರ್ಯದರ್ಶಿಗಳು ದಾರದ ಕಡೆ ನೋಡುತ್ತಿದ್ದಾರೆ. ಅದನ್ನು ನಾನು ಎಳೆಯುವುದಿಲ್ಲ. ಅಮುಕು ಎಂಬುದು ನನ್ನ ಅಪ್ಪನ ಮಾತು, ಚೆನ್ನಾಗಿರಲಿ. ಆದರೆ ಅದನ್ನು ಮಾಡಿದವಳನ್ನು ಹೆಸರು ಕೇಳಿದ ದಿನ ನಾನು ಅವಳ ಬಾಯಿ ಮುಚ್ಚಿದೆ. ಆ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಅವಳು ಉತ್ತರ ಕೊಟ್ಟ ಮೇಲೆ ನೀವು ದಾರ ಎಳೆಯುತ್ತೀರೋ, ಬೋರ್ಡಿನ ಮೇಲೆ ಇನ್ನೊಂದು ಸಾಲು ಬರೆಸುತ್ತೀರೋ, ಅದು ನಿಮಗೆ ಬಿಟ್ಟದ್ದು.

ಏನು ಹೇಳುತ್ತೀ ಎಂದು ಸಭಾಂಗಣದ ಮೆಟ್ಟಿಲ ಬಳಿ ಅವಳನ್ನು ಕೇಳಿದೆ. ಯಾವ ಭಾಷೆಯಲ್ಲಿ ಹೇಳುತ್ತೀ ಎಂದೂ ಕೇಳಿದೆ. "ನೀವು ಇಳಿದು ಕೂತ್ಕೊಳ್ಳಿ, ಕೇಳಿಸತ್ತೆ" ಎಂದಳು. ಹೀಗಾಗಿ ನನಗೂ ಗೊತ್ತಿಲ್ಲ. ನನ್ನನ್ನು ಬೈಯಬಹುದು. ನಿಮ್ಮನ್ನು ಬೈಯಬಹುದು. ಅಕ್ಕನ ಮನೆಗೆ ಹೊರಟೆ ಎಂದೂ ಹೇಳಬಹುದು, ಆ ಹಕ್ಕು ಅವಳಿಗಿದೆ.

ಎದ್ದಿದ್ದಾಳೆ. ಆ ಸಾಲಿನವರು ದಯವಿಟ್ಟು ಕಾಲು ಸ್ವಲ್ಪ ಒಳಗೆಳೆದುಕೊಳ್ಳಿ, ದಾರಿ ಬಿಡಿ. ಮಗಳೇ, ನೀನು ಅಲ್ಲೇ ಕೂತಿರು, ಅವಳು ಒಬ್ಬಳೇ ಬರುತ್ತಾಳೆ. ಮೈಕಿನವರೇ, ನೀವು ಬರುವುದು ಬೇಡ. ಅವಳು ನನಗಿಂತ ಒಂದು ಗೇಣು ಗಿಡ್ಡ, ಇದರ ಕಂಬ ಎಷ್ಟು ತಗ್ಗಬೇಕೆಂದು ನನಗೆ ಗೊತ್ತು. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ತಗ್ಗಿಸಿದ್ದೇನೆ. ನಮಸ್ಕಾರ.